ಗೆನ್ಮೈಚಾ: ಹುರಿದ ಅಕ್ಕಿ ಬೆರೆಸಿದ ಜಪಾನಿನ ಹಸಿರು ಚಹಾ ಕುಡಿಯುವವರು ಇಲ್ಲಿ ಬನ್ನಿ

ಕಡ್ಲೆಪುರಿ

ಎಲ್ಲರಿಗೂ ನಮಸ್ಕಾರ. ಒಸಾಕಾದಿಂದ ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ ಸಹೋದ್ಯೋಗಿಯೊಬ್ಬರು ವಾಪಸ್ ಹೋಗುವಾಗ ದೊಡ್ಡ ಪ್ಯಾಕೆಟ್ ಗೆನ್ಮೈಚಾ ಕೊಟ್ಟು ಹೋದರು. ಬಿಚ್ಚಿ ನೋಡಿದರೆ ಅರ್ಧ ಹಸಿರು ಚಹಾ ಎಲೆ, ಅರ್ಧ ಹುರಿದ ಅಕ್ಕಿ. ಕೆಲವು ಕಾಳು ಕಂದು, ಕೆಲವು ಅರಳಿ ಬೆಳ್ಳಗಾಗಿವೆ. ಬಿಸಿನೀರು ಬಿದ್ದ ಕೂಡಲೇ ಹುರಿದ ಅಕ್ಕಿಯ ಘಮ ಮೇಲೇಳುತ್ತದೆ. ಗ್ರೀನ್ ಟೀ ಅಂದರೆ ಮೂಗು ಮುರಿಯುತ್ತಿದ್ದ ನಮ್ಮ ಮನೆಯವರೂ ಈಗ ಇದನ್ನೇ ಕೇಳಿ ಕುಡಿಯುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಒಂದೇ ಪ್ಯಾಕೆಟ್, ಆದರೆ ರುಚಿ ಒಂದೇ ತರ ಬರುತ್ತಿಲ್ಲ. ಶುರುವಿನಲ್ಲಿ ಅಕ್ಕಿಯ ಸಿಹಿ ಜಾಸ್ತಿ ಇತ್ತು. ಈಗ ಪ್ಯಾಕೆಟ್ ತಳಕ್ಕೆ ಬಂದಿದೆ, ಬಣ್ಣ ಗಾಢವಾಗಿದೆ, ಒಗರು ಜಾಸ್ತಿಯಾಗಿದೆ. ಇನ್ನೊಂದು, ಆಫೀಸಿನಲ್ಲಿ ಮಾಡಿದರೆ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಮಾಡಿದರೆ ಸಪ್ಪೆ. ನೀರು ಎಷ್ಟು ಕಾಯಬೇಕು, ಎಲೆ ಎಷ್ಟು ಹೊತ್ತು ನೆನೆಯಬೇಕು? ಗೊತ್ತಿರುವವರು ಹೇಳ್ತೀರಾ?

ಫಿಲ್ಟರ್ ಲೋಟ

ಗ್ರೀನ್ ಟೀ ಯಾವುದೇ ಇರಲಿ, ಕುದಿಯುವ ನೀರು ಹಾಕಬಾರದು. 70ರಿಂದ 80 ಡಿಗ್ರಿ, 2 ನಿಮಿಷ. ನಾನು ಸೆಂಚಾ, ಅಂದರೆ ಅಕ್ಕಿ ಬೆರೆಸದ ಜಪಾನಿನ ಗ್ರೀನ್ ಟೀ, ಹೀಗೇ ಮಾಡುತ್ತೇನೆ, ಕಹಿ ಬರಲ್ಲ.

ಹಮಾಮಾತ್ಸು ಕನ್ನಡತಿ

ಸೆಂಚಾಗೆ ನೀವು ಹೇಳಿದ ಬಿಸಿ ಸರಿ ಸರ್. ಗೆನ್ಮೈಚಾ ಲೆಕ್ಕ ಬೇರೆ. ನಾನಿರುವುದು ಶಿಜುವೋಕಾ ಪ್ರಾಂತ್ಯದಲ್ಲಿ, ಊರು ದಾಟಿದರೆ ಚಹಾ ತೋಟಗಳೇ. ಇಲ್ಲಿಯವರು ಗೆನ್ಮೈಚಾಗೆ ಕುದಿದ ನೀರನ್ನೇ ಹಾಕುತ್ತಾರೆ. ಹೊತ್ತು ಮಾತ್ರ ಕಡಿಮೆ, ಅರ್ಧ ನಿಮಿಷ.

ಯಾಕೆ ಅಂದರೆ, ವಸಂತದ ಮೊದಲ ಚಿಗುರಿನ ಸೆಂಚಾದಲ್ಲಿ ಥಿಯಾನಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಇರುತ್ತದೆ. ನಾಲಿಗೆ ತುಂಬುವ ಆ ಸಿಹಿ ರುಚಿ ಬರುವುದು ಅದರಿಂದ. ಒಗರು ಕೊಡುವುದು ಕ್ಯಾಟೆಚಿನ್. ನೀರು ಬಿಸಿಯಾದಷ್ಟೂ ಕ್ಯಾಟೆಚಿನ್ ಬೇಗ ಇಳಿಯುತ್ತದೆ. ಥಿಯಾನಿನ್ ತಣ್ಣನೆ ನೀರಿಗೂ ಇಳಿಯುತ್ತದೆ. ಅದಕ್ಕೇ ಒಳ್ಳೆ ಸೆಂಚಾ ಮಾಡುವಾಗ ನೀರನ್ನು ಆರಿಸಿ ಹಾಕುತ್ತಾರೆ. ಗೆನ್ಮೈಚಾಗೆ ಸಾಮಾನ್ಯವಾಗಿ ಬೆರೆಸುವುದು ಬಂಚಾ, ಅಂದರೆ ತಡವಾಗಿ ಕೊಯ್ದ ಬಲಿತ ಎಲೆ. ಇಲ್ಲಾಂದ್ರೆ ಸಾಧಾರಣ ಸೆಂಚಾ. ಅದರಲ್ಲಿ ಥಿಯಾನಿನ್ ಮೊದಲೇ ಕಡಿಮೆ, ನೀರು ಆರಿಸಿ ಕಾಪಾಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಅಕ್ಕಿ ತನ್ನ ಘಮ ಬಿಡಬೇಕಾದರೆ ಬಿಸಿ ಬೇಕೇ ಬೇಕು. 70 ಡಿಗ್ರಿಯಲ್ಲಿ 2 ನಿಮಿಷ ಇಟ್ಟರೆ ಎಲೆ ಒಗರು ಬಿಡುತ್ತದೆ, ಅಕ್ಕಿ ಸುಮ್ಮನೆ ಕೂತಿರುತ್ತದೆ.

ಅಳತೆ ಹೇಳುತ್ತೇನೆ. ಇಬ್ಬರಿಗೆ 10 ಗ್ರಾಂ, ನೀರು 240 ಮಿ.ಲೀ., 30 ಸೆಕೆಂಡ್. 10 ಗ್ರಾಂ ಅಂದರೆ ದೊಡ್ಡ ಚಮಚದಲ್ಲಿ ಎರಡು ಗೋಪುರ. ಜಾಸ್ತಿ ಅನ್ನಿಸಬಹುದು, ಆದರೆ ಅದರಲ್ಲಿ ಅರ್ಧ ಅಕ್ಕಿ ಅನ್ನೋದು ನೆನಪಿರಲಿ. ಬಗ್ಗಿಸುವಾಗ ಎರಡೂ ಲೋಟಕ್ಕೆ ಸ್ವಲ್ಪ ಸ್ವಲ್ಪ ಸರದಿಯಲ್ಲಿ ಹಾಕಿ, ಕೊನೇ ಹನಿವರೆಗೂ ಬಸಿಯಿರಿ. ಪಾಟ್‌ನಲ್ಲಿ ನೀರು ಉಳಿದರೆ ಎಲೆ ಅದರಲ್ಲೇ ನೆನೆದು ಎರಡನೇ ಸಲಕ್ಕೆ ಕಹಿಯಾಗುತ್ತದೆ. ಎರಡನೇ ಸಲ ನೀರು ಹಾಕಿದರೆ ಕಾಯುವುದೇ ಬೇಡ, ಹಾಕಿದ ಹಾಗೇ ಬಗ್ಗಿಸಿಬಿಡಿ. ಮೂರನೇ ಸಲಕ್ಕೆ ಅಕ್ಕಿಯಲ್ಲಿ ಏನೂ ಉಳಿದಿರುವುದಿಲ್ಲ.

ಪ್ಯಾಕೆಟ್ ತಳದ ಒಗರಿಗೂ ಕಾರಣ ಇದೆ. ಅಕ್ಕಿ ಕಾಳು ದಪ್ಪ, ಎಲೆಯ ಚೂರು ಸಣ್ಣ. ಪ್ಯಾಕೆಟ್ ಅಲ್ಲಾಡಿದ ಹಾಗೆಲ್ಲ ಚೂರು, ಪುಡಿ ಕೆಳಗೆ ಇಳಿಯುತ್ತವೆ, ಕಾಳು ಮೇಲೆ ನಿಲ್ಲುತ್ತವೆ. ಮೊದಮೊದಲು ನಿಮ್ಮ ಚಮಚಕ್ಕೆ ಅಕ್ಕಿ ಜಾಸ್ತಿ ಬಂದಿದೆ, ಈಗ ಎಲೆಯ ಪುಡಿ ಬರುತ್ತಿದೆ. ಪ್ರತಿ ಸಲ ತೆಗೆಯುವ ಮುಂಚೆ ಡಬ್ಬಿಯನ್ನು ಅಡ್ಡ ಹಿಡಿದು ಮೆಲ್ಲಗೆ ಉರುಳಿಸಿ. ಚಮಚ ತಳದಿಂದ ಮೇಲಕ್ಕೆ ಬರಲಿ.

ಫಿಲ್ಟರ್ ಲೋಟ

ಥಿಯಾನಿನ್ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಧನ್ಯವಾದ ಮೇಡಂ. ನನ್ನ ಹತ್ತಿರವೂ ಒಂದು ಪ್ಯಾಕೆಟ್ ಇದೆ, ನಾಳೆ ಕುದಿಯುವ ನೀರಿನಲ್ಲಿ ಮಾಡುತ್ತೇನೆ.

ಕಾವೇರಿ ಲೈನ್

ಕಡ್ಲೆಪುರಿ ಅವರೇ, ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರಾ? ಆಫೀಸಿನಲ್ಲಿ ಆರ್‌ಒ ನೀರಾ? ಹಾಗಿದ್ದರೆ ಉತ್ತರ ಅಲ್ಲೇ ಇದೆ. ಬೆಂಗಳೂರಿನ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಚಹಾದ ಅಂಶಗಳ ಜೊತೆ ಸೇರಿ ರುಚಿಯನ್ನು ಮಬ್ಬು ಮಾಡುತ್ತವೆ. ಲೋಟದ ಮೇಲೆ ತೆಳ್ಳಗೆ ಕೆನೆಯಂಥ ಪೊರೆ ಕಟ್ಟಿದ್ದರೆ ಅದೇ ಗುರುತು. ಹಾಲು ಸಕ್ಕರೆ ಹಾಕಿದ ಟೀಯಲ್ಲಿ ಇದು ಗೊತ್ತಾಗುವುದಿಲ್ಲ. ಬರೀ ಎಲೆ, ನೀರು ಇರುವ ಟೀಯಲ್ಲಿ ಎದ್ದು ಕಾಣುತ್ತದೆ. ಜಪಾನಿನ ನಲ್ಲಿ ನೀರು ಬಹುಪಾಲು ಮೆದು. ಅಲ್ಲಿಯ ಚಹಾಗಳು ಆ ನೀರಿಗೇ ಹೊಂದಿ ಬೆಳೆದಿವೆ. ನಮ್ಮಲ್ಲಿ ಕಾವೇರಿ ನೀರು ಬೋರ್‌ವೆಲ್‌ಗಿಂತ ಎಷ್ಟೋ ಮೇಲು. ಅದೂ ಬರದ ಕಡೆ ಆರ್‌ಒ ನೀರು ಬಳಸಿ.

ಕಡ್ಲೆಪುರಿ

ಮನೆಯಲ್ಲಿ ಬೋರ್‌ವೆಲ್ ನೀರೇ! ಪೊರೆಯೂ ಕಟ್ಟುತ್ತದೆ. ಇವತ್ತು ಕ್ಯಾನ್ ನೀರು ಕುದಿಸಿ, ಡಬ್ಬಿ ಉರುಳಿಸಿ, 30 ಸೆಕೆಂಡ್ ಇಟ್ಟು ಬಗ್ಗಿಸಿದೆ. ಬಣ್ಣ ತಿಳಿ ಹಳದಿ ಹಸಿರು, ಅಕ್ಕಿಯ ಸಿಹಿ ವಾಪಸ್ ಬಂದಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ತುಂಗಾತೀರ

ಒಂದು ಸಂದೇಹ. ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಅನ್ನವನ್ನೇ ಅಳತೆ ಮಾಡಿ ಬಡಿಸುತ್ತೇವೆ. ಈ ಟೀಯಲ್ಲಿ ಅಕ್ಕಿ ಇದೆಯಲ್ಲ, ಕೊಡಬಹುದಾ? ಸಂಜೆ ಕುಡಿದರೆ ನಿದ್ದೆ ಕೆಡುತ್ತದಾ?

ಪಥ್ಯ ಪಾಕ

ನಾನು ಆಹಾರ ತಜ್ಞೆ, ಆಸ್ಪತ್ರೆಯಲ್ಲಿ ಕೆಲಸ. ಅಕ್ಕಿಯ ಬಗ್ಗೆ ಹೆದರಿಕೆ ಬೇಡ. ಅರ್ಧ ನಿಮಿಷದಲ್ಲಿ ಕಾಳಿನ ಪಿಷ್ಟ ನೀರಿಗೆ ಇಳಿಯುವುದು ಲೆಕ್ಕಕ್ಕೆ ಬಾರದಷ್ಟು. ಜಪಾನ್ ಸರ್ಕಾರದ ಆಹಾರ ಪಟ್ಟಿಯಲ್ಲಿ ಬಸಿದ ಗೆನ್ಮೈಚಾಗೆ ಕೊಟ್ಟಿರುವ ಕ್ಯಾಲೊರಿ 0. ಸಕ್ಕರೆ, ಜೇನುತುಪ್ಪ ಹಾಕದೆ ಕೊಡಿ, ಅಷ್ಟೇ. ಬಸಿದ ಮೇಲೆ ಉಳಿಯುವ ಕಾಳನ್ನು ತಿನ್ನುವ ಅಭ್ಯಾಸ ಕೆಲವರಿಗಿದೆ, ತಂದೆಯವರು ಅದನ್ನು ಬಿಡಲಿ.

ಕೆಫೀನ್ ಅದೇ ಪಟ್ಟಿಯ ಪ್ರಕಾರ 100 ಮಿ.ಲೀ.ಗೆ ಗೆನ್ಮೈಚಾದಲ್ಲಿ 10 ಮಿ.ಗ್ರಾಂ, ಸೆಂಚಾದಲ್ಲಿ 20, ಕಾಫಿಯಲ್ಲಿ 60. ನೆರಳಲ್ಲಿ ಬೆಳೆಸಿದ ದುಬಾರಿ ಗ್ಯೋಕುರೋದಲ್ಲಿ 160. ಹಾಗಾಗಿ ಸಂಜೆ ಒಂದು ಲೋಟ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಪೂರ್ತಿ ಬೇಡ ಅನ್ನುವವರು ರಾತ್ರಿ ಹೊತ್ತು ಮುಗಿಚಾ ಕುಡಿಯಬಹುದು. ಅದು ಹುರಿದ ಬಾರ್ಲಿಯ ಕಷಾಯ, ಚಹಾ ಎಲೆಯೇ ಇರುವುದಿಲ್ಲ.

ಒಂದು ಮಾತು ಎಲ್ಲರಿಗೂ ಹೇಳಬೇಕು, ಅದರಲ್ಲೂ ಹೆಂಗಸರಿಗೆ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಬೇಳೆ, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಜಪಾನಿನಲ್ಲಿ ಊಟದ ಜೊತೆಗೇ ಕುಡಿಯುತ್ತಾರೆ ನಿಜ, ಆದರೆ ಅವರ ತಟ್ಟೆಯಲ್ಲಿ ಮೀನು ಇರುತ್ತದೆ. ಸಸ್ಯಾಹಾರಿಗಳು, ಹಿಮೋಗ್ಲೋಬಿನ್ ಕಡಿಮೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ. ಬಸುರಿಯರು ಕಾಫಿ, ಟೀ ಎಲ್ಲಾ ಸೇರಿ ದಿನಕ್ಕೆ 200 ಮಿ.ಗ್ರಾಂ ಕೆಫೀನ್ ದಾಟಬಾರದು. ಗೆನ್ಮೈಚಾ ಕುಡಿದರೆ ತೂಕ ಇಳಿಯುತ್ತದೆ ಅನ್ನುವ ಜಾಹೀರಾತುಗಳನ್ನು ನಂಬಿ ದುಡ್ಡು ಸುರಿಯಬೇಡಿ. ರುಚಿಗೆ ಕುಡಿಯಿರಿ.

ತುಂಗಾತೀರ

ಮನಸ್ಸಿಗೆ ನಿರಾಳವಾಯಿತು ಮೇಡಂ. ಸಂಜೆ 4ಕ್ಕೆ ಕೊಡುತ್ತೇನೆ, ಊಟಕ್ಕೂ ದೂರ.

ಕುಡ್ಲದ ಅಕ್ಕ

ನಮಸ್ಕಾರ ಮಾರಾಯ್ರೆ. ನನಗೆ ಈ ಚಹಾ ಭಾರೀ ಇಷ್ಟ, ಆದರೆ ಇಲ್ಲಿ ಸಿಗುವುದು ಕಷ್ಟ, ಸಿಕ್ಕಿದರೂ ರೇಟು ಜಾಸ್ತಿ. ಹಾಗೆ ಮನೆಯಲ್ಲೇ ಮಾಡಿ ನೋಡಿದೆ. ಬೆಳ್ತಿಗೆ ಅಕ್ಕಿ ಹುರಿದರೆ ಬಣ್ಣ ಬರುತ್ತದೆ, ಘಮವೂ ಉಂಟು, ಆದರೆ ಒಂದೂ ಅರಳುವುದಿಲ್ಲ. ಕುಚ್ಚಲಕ್ಕಿ ಹುರಿದರೆ ಅಲ್ಲಲ್ಲಿ ಚಟ್ ಅಂತ ಉಬ್ಬುತ್ತದೆ. ಚಹಾ ಕೂಡ ಕುಚ್ಚಲಕ್ಕಿಯದ್ದೇ ನನಗೆ ಹಿಡಿಸಿತು. ಇದು ಯಾಕೆ ಹೀಗೆ ಅಂತ ಯಾರಿಗಾದರೂ ಗೊತ್ತುಂಟಾ?

ಒಲೆ ಮತ್ತು ಉರಿ

ಅಕ್ಕಾ, ನೀವು ಹಿಡಿದ ದಾರಿ ಸರಿಯಾಗಿಯೇ ಇದೆ. ಜಪಾನಿನಲ್ಲಿ ಚಹಾಕ್ಕೆ ಹಾಕುವ ಅಕ್ಕಿಯನ್ನು ಹಸಿಯಾಗಿ ಹುರಿಯುವುದಿಲ್ಲ. ಮೊದಲು ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಹುರಿಯುತ್ತಾರೆ. ಆವಿಯಲ್ಲಿ ಬೆಂದಾಗ ಕಾಳಿನೊಳಗಿನ ಪಿಷ್ಟ ಅಂಟಾಗುತ್ತದೆ. ಒಣಗಿದಾಗ ಗಟ್ಟಿಯಾಗಿ ಗಾಜಿನ ಹಾಗೆ ಬಿಗಿದುಕೊಳ್ಳುತ್ತದೆ. ಜೋರು ಬಿಸಿ ತಗುಲಿದಾಗ ಒಳಗೆ ಉಳಿದ ಚೂರು ತೇವ ಆವಿಯಾಗಿ ಕಾಳನ್ನು ಒಡೆದು ಉಬ್ಬಿಸುತ್ತದೆ. ಕುಚ್ಚಲಕ್ಕಿಯನ್ನು ಭತ್ತವಾಗಿದ್ದಾಗಲೇ ಬೇಯಿಸಿ ಒಣಗಿಸಿರುತ್ತಾರೆ, ಅಂದರೆ ಆ ಕೆಲಸ ಮಿಲ್ಲಿನಲ್ಲೇ ಆಗಿಹೋಗಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ನಡೆಯುವುದೂ ಇದೇ. ಅಲ್ಲಿ ಕಾದ ಮರಳು ಇರುವುದರಿಂದ ಬಿಸಿ ಎಲ್ಲಾ ಕಡೆಯಿಂದ ಒಟ್ಟಿಗೆ ತಗುಲಿ ಎಲ್ಲಾ ಕಾಳೂ ಉಬ್ಬುತ್ತವೆ. ಬಾಣಲೆಯಲ್ಲಿ ಕೆಲವು ಮಾತ್ರ ಉಬ್ಬುತ್ತವೆ. ಗೆನ್ಮೈಚಾಗೆ ಅಷ್ಟೇ ಸಾಕು, ಯಾಕೆಂದರೆ ರುಚಿ ಬರುವುದು ಕಂದು ಕಾಳಿನಿಂದ. ಪೂರ್ತಿ ಅರಳಿದ್ದು ಕಣ್ಣಿಗೆ ಚೆಂದ, ನೀರಿಗೆ ಕೊಡುವುದು ಕಡಿಮೆ. ಮಂಡಕ್ಕಿಯನ್ನೇ ಚಹಾಕ್ಕೆ ಹಾಕಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಉಪ್ಪು ಇರುತ್ತದೆ, ಕಾಳೂ ಕಂದಾಗಿರುವುದಿಲ್ಲ. ಬೇಡ.

ಹುರಿದ ಘಮಕ್ಕೆ ಕಾರಣ ಅಕ್ಕಿಯ ಸಕ್ಕರೆ ಅಂಶ, ಅಮೈನೋ ಆಮ್ಲ ಬಿಸಿಯಲ್ಲಿ ಸೇರಿ ಹುಟ್ಟುವ ಪೈರಜಿನ್ ಅನ್ನುವ ವಸ್ತುಗಳು. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ಡ್ ಈ ಕ್ರಿಯೆಯನ್ನು ಬರೆದಿಟ್ಟರು, ಅವರ ಹೆಸರೇ ಅದಕ್ಕೆ ನಿಂತಿದೆ. ಕಾಫಿ ಬೀಜ, ಕಡಲೆಕಾಯಿ ಹುರಿದಾಗಲೂ ಇದೇ ಗುಂಪಿನ ವಸ್ತುಗಳು ಹುಟ್ಟುತ್ತವೆ. ಕಾಫಿ ಕುಡಿದು ಬೆಳೆದವರಿಗೆ ಬೇರೆ ಗ್ರೀನ್ ಟೀಗಳಿಗಿಂತ ಗೆನ್ಮೈಚಾ ಬೇಗ ಹಿಡಿಸುವುದು ಇದಕ್ಕೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ನಾನು ಮಾಡುವ ರೀತಿ ಬರೆಯುತ್ತೇನೆ. ಕಬ್ಬಿಣದ ಬಾಣಲೆ, ಎರಡು ಹಿಡಿ ಕುಚ್ಚಲಕ್ಕಿ. ತೊಳೆದಿದ್ದರೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿರಬೇಕು. ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಿ. ಮೊದಲು ಕಾಳಿನ ಹೊಳಪು ಹೋಗಿ ಸುಣ್ಣದ ಬಿಳಿ ಬರುತ್ತದೆ, ಆಮೇಲೆ ತುದಿಯಿಂದ ಬಣ್ಣ ತಿರುಗುತ್ತದೆ. ಅಲ್ಲಿಂದ ಮುಂದೆ ಕಿವಿ ಕೊಡಿ. ಚಟಪಟ ಶುರುವಾದ ಮೇಲೆ ಬಹಳ ಹೊತ್ತಿಲ್ಲ. ಹೆಚ್ಚಿನ ಕಾಳು ಗೋಧಿ ಬಣ್ಣಕ್ಕೆ ಬಂದಾಗ ಉರಿ ಆರಿಸಿ ತಕ್ಷಣ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕರಕಲಾಗುತ್ತದೆ, ಚಹಾ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಎಲೆ ಬೆರೆಸಿ. ಬೆಚ್ಚಗಿರುವಾಗ ಬೆರೆಸಿ ಮುಚ್ಚಿದರೆ ಆವಿ ಹಿಡಿದು ಎಲೆ ಮೆತ್ತಗಾಗುತ್ತದೆ.

ಎಲೆ, ಅಕ್ಕಿ ಸಮ ತೂಕ. ಲೋಟದಲ್ಲಿ ಅಳೆಯಬೇಡಿ, ತೂಗಿ. ಎಲೆ ಹಗುರ, ಲೋಟದ ಲೆಕ್ಕದಲ್ಲಿ ಅಕ್ಕಿಯೇ ಜಾಸ್ತಿಯಾಗಿಬಿಡುತ್ತದೆ. ಟೀ ಬ್ಯಾಗ್ ಬಿಚ್ಚಿದ ಪುಡಿ ಬೇಡ, ಇಡೀ ಎಲೆಯ ನೀಲಗಿರಿ ಗ್ರೀನ್ ಟೀ ಆಗಬಹುದು. ಜಪಾನಿನಲ್ಲಿ ಎಲೆಯನ್ನು ಆವಿಯಲ್ಲಿ ಹಬೆಯಾಡಿಸಿ ಹಸಿರು ಉಳಿಸಿಕೊಳ್ಳುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಬಾಡಿಸುತ್ತಾರೆ. ಅಂಗಡಿಯಲ್ಲಿ ಹಬೆಯದ್ದೇ ಸಿಕ್ಕಿದರೆ ಅದನ್ನು ತಗೊಳ್ಳಿ, ರುಚಿ ಹತ್ತಿರ ಬರುತ್ತದೆ.

ಕುಡ್ಲದ ಅಕ್ಕ

ಗೊತ್ತಾಯ್ತು! ತೂಕದ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದರೆ ಬೆಳ್ತಿಗೆಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಹಾಕಿ ಹುರಿದರೆ ಅದೂ ಉಬ್ಬಬೇಕಲ್ಲ?

ಒಲೆ ಮತ್ತು ಉರಿ

ಉಬ್ಬುತ್ತದೆ ಅಕ್ಕಾ. ಬೇಯಿಸುವಾಗ ಕಾಳು ಒಡೆಯಬಾರದು, ಒಣಗುವಾಗ ಒಂದಕ್ಕೊಂದು ಅಂಟಬಾರದು, ಅಷ್ಟು ನೋಡಿಕೊಳ್ಳಿ. ಈಗ ಕರಾವಳಿಯಲ್ಲಿ ಬಿಸಿಲಿದ್ದರೆ ಮಾಡಿಬಿಡಿ, ಮಳೆಗಾಲದಲ್ಲಿ ಒಣಗುವುದಿಲ್ಲ.

ಹಮಾಮಾತ್ಸು ಕನ್ನಡತಿ

ಇಲ್ಲಿ ಹುರಿದ ಅಕ್ಕಿ ಮಾತ್ರವೂ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಮನೆಯಲ್ಲಿ ಉಳಿದ ಸೆಂಚಾ, ಹೋಜಿಚಾ (ಎಲೆಯನ್ನೇ ಹುರಿದು ಮಾಡಿದ ಚಹಾ) ಯಾವುದಕ್ಕಾದರೂ ಬೆರೆಸಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ಅಕ್ಕಿಯ ಪಾಲು ಜಾಸ್ತಿ ಹಾಕುತ್ತಾರೆ, ಮೊಮ್ಮಕ್ಕಳಿಗೂ ಕೊಡಬಹುದು ಅಂತ. ಪ್ಯಾಕೆಟ್‌ನಲ್ಲಿರುವ ಅಕ್ಕಿಯ ಬಗ್ಗೆ ಇನ್ನೊಂದು ಮಾತು. ಗೆನ್ಮೈ ಅಂದರೆ ಪಾಲಿಶ್ ಮಾಡದ ಅಕ್ಕಿ, ಆದರೆ ಈಗ ಎಷ್ಟೋ ಕಂಪನಿಗಳು ಬಿಳಿ ಅಕ್ಕಿ ಅಥವಾ ಮೋಚಿ ಅನ್ನುವ ಅಕ್ಕಿ ಮುದ್ದೆ ಮಾಡುವ ಅಂಟಕ್ಕಿ ಹಾಕುತ್ತವೆ. ಅಂಟಕ್ಕಿಯದ್ದು ಸಿಹಿ ಜಾಸ್ತಿ, ನನಗೆ ಅದೇ ಮೆಚ್ಚು.

ಫಿಲ್ಟರ್ ಲೋಟ

ಇದರ ಹಿಂದೆ ಒಂದು ಕತೆ ಇದೆಯಲ್ವಾ? ಹಕೋನೆ ಬೆಟ್ಟದ ಕಡೆ ಒಬ್ಬ ಸಮುರಾಯ್ ಸರದಾರ. ಅವನಿಗೆ ಚಹಾ ಬಡಿಸುವಾಗ ಆಳಿನ ತೋಳಿನ ಮಡಿಕೆಯಿಂದ ಹುರಿದ ಅಕ್ಕಿ ಕಾಳು ಬಟ್ಟಲಿಗೆ ಬಿದ್ದವು. ಸಿಟ್ಟಿನಲ್ಲಿ ಆಳನ್ನು ಕೊಂದ. ಆಮೇಲೆ ಚಹಾ ಕುಡಿದು ನೋಡಿದರೆ ರುಚಿ ಅಮೋಘ. ಪಶ್ಚಾತ್ತಾಪಪಟ್ಟು ಆ ಆಳಿನ ಹೆಸರನ್ನೇ ಚಹಾಕ್ಕೆ ಇಟ್ಟ ಅಂತ ಓದಿದ್ದೇನೆ.

ಹಮಾಮಾತ್ಸು ಕನ್ನಡತಿ

ಅದು ಕಟ್ಟುಕತೆ ಸರ್. ಹೊರದೇಶದ ಚಹಾ ಮಾರುವವರ ಪುಟಗಳಲ್ಲೇ ಜಾಸ್ತಿ ಓಡಾಡುತ್ತದೆ. ಇಲ್ಲಿ ಹೇಳುವುದು ಬೇರೆ. ಹೊಸ ವರ್ಷಕ್ಕೆ ದೇವರ ಮುಂದೆ ಕಾಗಾಮಿ ಮೋಚಿ ಅಂತ ದುಂಡನೆಯ ಎರಡು ಅಕ್ಕಿ ಮುದ್ದೆಗಳನ್ನು ಒಂದರ ಮೇಲೊಂದು ಇಡುತ್ತಾರೆ. ಜನವರಿ 11ರ ಹೊತ್ತಿಗೆ ಅದನ್ನು ಒಡೆದು ತಿನ್ನುವ ಪದ್ಧತಿ. ಅಷ್ಟರಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಒಡೆದಾಗ ಉದುರುವ ಚೂರನ್ನು ಬಿಸಾಡಲು ಮನಸ್ಸು ಬಾರದೆ ಹುರಿದು ಚಹಾಕ್ಕೆ ಹಾಕಿದರು, ಅಲ್ಲಿಂದ ಇದು ಬಂತು ಅಂತ. ಕ್ಯೋಟೋದ ತೆರಾಮಾಚಿಯಲ್ಲಿರುವ ಹೋರಾಯ್ದೋ ಅನ್ನುವ ಹಳೆಯ ಚಹಾ ಅಂಗಡಿ, ಇದನ್ನು ಮೊದಲು ಮಾರಿದ್ದು ತಾನೇ ಅನ್ನುತ್ತದೆ. ಅದು ಶೋವಾ ಕಾಲದ ಶುರು, ಅಂದರೆ 1926ರ ಆಚೀಚೆ. ಸಮುರಾಯ್‌ಗಳ ಕಾಲ ಮುಗಿದು ಎಷ್ಟೋ ವರ್ಷ ಆಗಿತ್ತು.

ಜಪಾನಿನಲ್ಲಿ ಊಟದ ಜೊತೆಯ, ದಿನಬಳಕೆಯ ಚಹಾ ಇದು. ಅತಿಥಿ ಬಂದಾಗ ತೋರಿಸಿಕೊಳ್ಳಲು ತೆಗೆಯುವುದಲ್ಲ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಆ ಕಾರಣಕ್ಕೆ. ಅದಕ್ಕೆ ವಿಶೇಷ ಪಾತ್ರೆ ಬೇಡ, ಥರ್ಮಾಮೀಟರ್ ಬೇಡ. ಕುದಿಸಿ, ಹಾಕಿ, ಬಗ್ಗಿಸಿ. ತೊಕೊನಾಮೆ ಊರಿನ ಕೆಂಪು ಮಣ್ಣಿನ ಕ್ಯೂಸು (ಚಹಾ ಪಾಟ್) ಇದ್ದರೆ ಸಂತೋಷ, ಇಲ್ಲದಿದ್ದರೆ ಸ್ಟೀಲ್ ಪಾತ್ರೆ, ಟೀ ಸೋಸುವ ಜಾಲರಿ ಸಾಕು.

ಧಾರವಾಡದ ಮಂದಿ

ನಮ್ಮ ಮನೆಯಾಗ ಹಾಲಿಲ್ಲದ ಚಹಾ ಯಾರೂ ಮುಟ್ಟಂಗಿಲ್ಲ. ಅದಕ್ಕ ನಾ ಇದನ್ನ ಹಾಲಿನಾಗ ಮಾಡಿ ಕೊಟ್ಟೆ. ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಬಸಿದು, ಬಿಸಿ ಹಾಲು ಸೇರಿಸಿ, ಚೂರು ಬೆಲ್ಲ. ಅಕ್ಕಿ ಪಾಯಸದ ವಾಸನೆ ಬಂತು ನೋಡ್ರಿ, ಎಲ್ಲರೂ ಲೋಟ ಖಾಲಿ ಮಾಡಿದರು. ಇದು ತಪ್ಪೇನು?

ಹಮಾಮಾತ್ಸು ಕನ್ನಡತಿ

ಏನೂ ತಪ್ಪಿಲ್ಲ ರೀ. ಇಲ್ಲಿಯ ಕೆಫೆಗಳಲ್ಲೂ ಹಾಲು ಹಾಕಿದ ಗೆನ್ಮೈಚಾ, ಹೋಜಿಚಾ ಕೊಡುತ್ತಾರೆ. ಎಲೆಯನ್ನು ಹಾಲಿನಲ್ಲಿ ಕುದಿಸಬೇಡಿ, ನೀವು ಮಾಡಿದಂತೆ ಮೊದಲು ಬಸಿದು ಆಮೇಲೆ ಹಾಲು ಹಾಕುವುದೇ ಸರಿ.

ಜಯನಗರ ನಾಲ್ಕನೇ ಬ್ಲಾಕ್

ಅಂಗಡಿಯಲ್ಲಿ ಎರಡು ತರ ಕಂಡೆ. ಒಂದು ಸಾದಾ, ಇನ್ನೊಂದರಲ್ಲಿ ಕಾಳಿನ ಮೇಲೆಲ್ಲ ಹಸಿರು ಪುಡಿ ಮೆತ್ತಿದೆ. ಮಾಚಾ ಬೆರೆಸಿದ್ದು ಅಂತ ಬರೆದಿದ್ದಾರೆ, ಬೆಲೆ ಜಾಸ್ತಿ. ಯಾವುದು ತಗೊಳ್ಳಲಿ?

ಹಮಾಮಾತ್ಸು ಕನ್ನಡತಿ

ಮೊದಲ ಸಲಕ್ಕೆ ಸಾದಾ. ಮಾಚಾ ಅಂದರೆ ಹಸಿರು ಚಹಾ ಎಲೆಯ ನುಣ್ಣನೆ ಪುಡಿ. ಅದು ಇರುವ ಚಹಾ ಕಡು ಹಸಿರಾಗಿ, ಸ್ವಲ್ಪ ಮಬ್ಬಾಗಿ ಬರುತ್ತದೆ, ದಪ್ಪ ರುಚಿ, ಕೆಫೀನ್ ಕೂಡ ಸ್ವಲ್ಪ ಮೇಲೆ. ಅದು ಚೆನ್ನಾಗಿಲ್ಲ ಅಂತಲ್ಲ, ಆದರೆ ಅಕ್ಕಿಯ ಘಮವನ್ನು ಮಾಚಾ ಹಿಂದಕ್ಕೆ ತಳ್ಳುತ್ತದೆ. ಬೆಲೆಯ ವಿಷಯಕ್ಕೆ, ಮಾಚಾಗೆ ಜಗತ್ತಿನ ಎಲ್ಲಾ ಕಡೆ ಬೇಡಿಕೆ ಏರಿದೆ. 2024ರ ಕೊನೆಯಲ್ಲಿ ಕ್ಯೋಟೋದ ಹೆಸರಾಂತ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದವು. ಸೆಂಚಾ ಬೆಳೆಯುತ್ತಿದ್ದ ರೈತರು ಮಾಚಾದ ಎಲೆಗೆ ತಿರುಗುತ್ತಿದ್ದಾರೆ. ಅದರ ಬಿಸಿ ಸಾದಾ ಚಹಾದ ಬೆಲೆಗೂ ತಟ್ಟುತ್ತಿದೆ. ಈ ದಿನಬಳಕೆ ಚಹಾ ನಮ್ಮಂಥವರ ಕೈಗೆ ಎಟುಕುವ ಹಾಗೇ ಉಳಿಯಲಿ ಅನ್ನುವ ಕಳಕಳಿ ನನಗಿದೆ.

ಸಾಗರದ ಸುಬ್ಬಿ

ಆನ್‌ಲೈನ್‌ನಲ್ಲಿ ಒಂದು ಕಡೆ ತರಿಸಿದೆ. ಬಿಚ್ಚಿದರೆ ಹಳೇ ಎಣ್ಣೆಯ ಕಮಟು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಇದನ್ನು ಸರಿ ಮಾಡಲು ಆಗುತ್ತದಾ? ನಮ್ಮ ಕಡೆ ಮಳೆಗಾಲದಲ್ಲಿ ಏನಿಟ್ಟರೂ ತೇವ ಹಿಡಿಯುತ್ತದೆ, ಹೊಸದನ್ನು ಹೇಗೆ ಇಡಲಿ?

ಒಲೆ ಮತ್ತು ಉರಿ

ಕಮಟು ಬಂದಿದ್ದರೆ ಬಿಟ್ಟುಬಿಡಿ. ಪಾಲಿಶ್ ಮಾಡದ ಅಕ್ಕಿಯ ತವುಡಿನಲ್ಲಿ ಎಣ್ಣೆ ಇರುತ್ತದೆ, ಅದು ಗಾಳಿ ತಗುಲಿ ಕೆಟ್ಟಿದೆ. ಅದನ್ನು ಹುರಿದರೂ ಹೋಗುವುದಿಲ್ಲ.

ಬರೀ ಮೆತ್ತಗಾಗಿ ಘಮ ಇಳಿದಿದ್ದರೆ ಮಾತ್ರ ಒಂದು ದಾರಿ ಇದೆ. ಒಣ ಬಾಣಲೆ ಬಿಸಿ ಮಾಡಿ, ಸಣ್ಣ ಉರಿಯಲ್ಲಿ ಎಲೆ ಅಕ್ಕಿ ಒಟ್ಟಿಗೇ ಹಾಕಿ, ಘಮ ಏಳುವವರೆಗೆ ಆಡಿಸಿ ತೆಗೆಯಿರಿ. ಎಲೆ ಕಂದಾಗಲು ಬಿಡಬೇಡಿ. ಹಾಗಾದರೆ ಅದು ಹೋಜಿಚಾದ ದಾರಿ ಹಿಡಿಯುತ್ತದೆ, ಅದೂ ಕುಡಿಯಲು ಒಳ್ಳೆಯದೇ, ಆದರೆ ಬೇರೆ ಚಹಾ.

ಇಡುವುದಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಬೆಳಕು ಬೀಳದ ಕಡೆ, ಮಸಾಲೆ ಡಬ್ಬಿಗಳಿಂದ ದೂರ. ಚಹಾ ಎಲೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ, ತಂಪು ಆರಿದ ಮೇಲೆ ಬಿಚ್ಚಿ. ಇಲ್ಲಾಂದ್ರೆ ಗಾಳಿಯ ತೇವ ಎಲೆ ಮೇಲೆ ಕೂರುತ್ತದೆ.

ಸಾಗರದ ಸುಬ್ಬಿ

ಆಯ್ತು, ಹಳೇದನ್ನು ಗಿಡದ ಬುಡಕ್ಕೆ ಹಾಕುತ್ತೇನೆ. ಇನ್ನೊಂದು ಕೇಳುವುದಿತ್ತು. ಜಪಾನಿನಲ್ಲಿ ಅನ್ನದ ಮೇಲೆ ಚಹಾ ಹುಯ್ದುಕೊಂಡು ಉಣ್ಣುತ್ತಾರಂತೆ, ಹೌದಾ? ಅದಕ್ಕೆ ಗೆನ್ಮೈಚಾ ಆಗುತ್ತದಾ?

ಹಮಾಮಾತ್ಸು ಕನ್ನಡತಿ

ಹೌದು, ಒಚಾಜುಕೆ ಅಂತ. ಗೆನ್ಮೈಚಾ ಅದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ಅನ್ನದ ಮೇಲೆ ಅಕ್ಕಿಯದ್ದೇ ಘಮ ಅಲ್ವಾ. ಬಿಸಿ ಅನ್ನ, ಮೇಲೆ ಉಪ್ಪು, ಹುರಿದ ಎಳ್ಳು, ನೋರಿ (ಒಣಗಿಸಿದ ಕಡಲ ಪಾಚಿಯ ಹಾಳೆ) ಚೂರು, ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಉಮೆಬೋಶಿ. ಸುತ್ತಲೂ ಬಿಸಿ ಚಹಾ. ಕ್ಯೋಟೋ ಕಡೆ ಇದನ್ನು ಬುಬುಜುಕೆ ಅನ್ನುತ್ತಾರೆ. ಮನೆಗೆ ಬಂದವರಿಗೆ ‘ಬುಬುಜುಕೆ ಉಣ್ಣುತ್ತೀರಾ’ ಅಂತ ಕೇಳಿದರೆ ಇನ್ನು ಹೊರಡಿ ಅಂತ ಅರ್ಥ ಅನ್ನುವ ಮಾತು ಜಪಾನಿನಲ್ಲೆಲ್ಲ ಹೆಸರುವಾಸಿ.

ಸಸ್ಯಾಹಾರಿಗಳು ಒಂದು ನೆನಪಿಡಿ. ಗೆನ್ಮೈಚಾದಲ್ಲಿ ಎಲೆ, ಅಕ್ಕಿ ಬಿಟ್ಟು ಏನೂ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಒಚಾಜುಕೆ ಪುಡಿಯ ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೀನಿನ ಅಂಶ ಇರುತ್ತದೆ. ಜಪಾನಿಗೆ ಹೊಸದಾಗಿ ಬಂದ ನಮ್ಮವರು ನೋರಿಯ ಚಿತ್ರ ನೋಡಿ ತಂದುಬಿಡುತ್ತಾರೆ. ಪ್ಯಾಕೆಟ್ ಹಿಂಬದಿಯಲ್ಲಿ ಬರೆದ ಪದಾರ್ಥಗಳ ಪಟ್ಟಿಯನ್ನು ಫೋನಿನಲ್ಲಿ ಅನುವಾದ ಮಾಡಿ ಓದಿ. ಆ ಪುಡಿಯನ್ನು 1952ರಲ್ಲಿ ಮಾರುಕಟ್ಟೆಗೆ ತಂದ ನಾಗಾತಾನಿಯೆನ್ ಕಂಪನಿಯ ಸ್ಥಾಪಕರು ನಾಗಾತಾನಿ ಸೋಯೆನ್ ವಂಶದವರು. ಉಜಿತವಾರಾ ಊರಿನಲ್ಲಿ 1738ರಲ್ಲಿ ಈಗಿನ ಸೆಂಚಾ ಮಾಡುವ ವಿಧಾನ ರೂಪಿಸಿದವರು ಅದೇ ಸೋಯೆನ್. ಒಂದೇ ಮನೆತನ ಚಹಾವನ್ನು ಲೋಟಕ್ಕೂ ಅನ್ನದ ಬಟ್ಟಲಿಗೂ ತಂದಿತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸಾಗರದ ಸುಬ್ಬಿ

ಉಮೆಬೋಶಿ ಜಾಗದಲ್ಲಿ ನಾನು ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟುಕೊಳ್ಳುತ್ತೇನೆ. ಹುಳಿ ಉಪ್ಪು ಎರಡೂ ಅದರಲ್ಲೇ ಇದೆ.

ಪಥ್ಯ ಪಾಕ

ರುಚಿಯಾಗಿರುತ್ತದೆ. ಕಬ್ಬಿಣದ ಮಾತ್ರೆ ತಗೊಳ್ಳುವವರು ಆ ಹೊತ್ತಿನ ಊಟಕ್ಕೆ ಮಾತ್ರ ಇದನ್ನು ಮಾಡಬೇಡಿ.

ಸೋಲ್ ಸೀಮೆ

ಕೊರಿಯಾದಿಂದ ಬರೆಯುತ್ತಿದ್ದೇನೆ. ಇಲ್ಲೂ ಇದೇ ಜೋಡಿ ಇದೆ, ಹ್ಯೊನ್ಮಿ ನೊಕ್ಚಾ ಅಂತ. ಆಫೀಸುಗಳಲ್ಲಿ ಕಾಫಿ ಯಂತ್ರದ ಪಕ್ಕ ಟೀ ಬ್ಯಾಗ್ ಇಟ್ಟಿರುತ್ತಾರೆ. ಜಪಾನಿನದಕ್ಕಿಂತ ಹಗುರ ರುಚಿ. ಬೇಸಿಗೆಯಲ್ಲಿ ತಣ್ಣಗೆ ಕುಡಿಯಲು ಆಗುತ್ತದಾ ಇದು? ತಣ್ಣೀರಲ್ಲಿ ನೆನೆಸಿದರೆ ಎಲೆಯ ರುಚಿ ಮಾತ್ರ ಬರುತ್ತಿದೆ, ಅಕ್ಕಿ ಕಾಣೆ.

ಹಮಾಮಾತ್ಸು ಕನ್ನಡತಿ

ಆಗುತ್ತದೆ. ಒಂದು ಲೀಟರ್‌ಗೆ 15 ಗ್ರಾಂ ಎಲೆ ತಗೊಳ್ಳಿ. ಮೊದಲು ಎಲೆ ಮುಳುಗುವಷ್ಟು ಮಾತ್ರ ಕುದಿಯುವ ನೀರು ಹಾಕಿ 30 ಸೆಕೆಂಡ್ ಬಿಡಿ, ಅಕ್ಕಿ ಘಮ ಬಿಡುವುದು ಆಗಲೇ. ಅದರ ಮೇಲೆ ತಣ್ಣೀರು ತುಂಬಿ ಫ್ರಿಜ್‌ನಲ್ಲಿಡಿ. ಮೂರು ಗಂಟೆ ಸಾಕು. ಆಮೇಲೆ ಸೋಸಿ ಎಲೆ ತೆಗೆದುಬಿಡಿ, ರಾತ್ರಿಯಿಡೀ ಬಿಟ್ಟರೆ ಅಕ್ಕಿ ಮೆತ್ತಗಾಗಿ ನೀರು ಮಬ್ಬಾಗುತ್ತದೆ. ಅವತ್ತೇ ಕುಡಿದು ಮುಗಿಸಿ.

ಸೋಲ್ ಸೀಮೆ

ಟೀ ಬ್ಯಾಗ್‌ಗೂ ಇದೇ ಲೆಕ್ಕವಾ?

ಹಮಾಮಾತ್ಸು ಕನ್ನಡತಿ

ಇದೇ. ಬ್ಯಾಗ್ ಮೇಲೆ ತೂಕ ಬರೆದಿರುತ್ತದೆ, ನೋಡಿ ಕೂಡಿಸಿಕೊಳ್ಳಿ. ಬ್ಯಾಗಿನೊಳಗೆ ಎಲೆ ಸಣ್ಣಗೆ ಪುಡಿಯಾಗಿರುವುದರಿಂದ ಎರಡು ಗಂಟೆಗೇ ತೆಗೆಯಿರಿ.